ಕಡಿಮೆಯಾಗಿದೆ ಎಂದ ಭಾವ

ಕಂಡಕ್ಟರನ ಅಕ್ಕನ ಗಂಡನೇ ಅವನ ಬಸ್ಸಿನ ಡ್ರೈವರ್. ದೊಡ್ಡ ಕರುಳಿನ ಹುಣ್ಣು ಆರು ವರ್ಷದಿಂದ ಭಾವನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಹೊಟ್ಟೆ ಹಿಂಡಿದಾಗ ಅವರು ದಾರಿಯಲ್ಲೇ ಬಸ್ಸು ನಿಲ್ಲಿಸಿ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಓಡುತ್ತಿದ್ದರು. ಟೈರು ನೋಡಲು ಇಳಿದಿದ್ದಾರೆಂದು ಪ್ರಯಾಣಿಕರಿಗೆ ಬೊಗಳೆ ಬಿಡುವುದು ಕಂಡಕ್ಟರನ ಪಾಲಿನ ಕೆಲಸ. ಕೊನೆಗೆ ಅದೂ ಸಾಗದೆ ಭಾವ ರಜೆ ಹಾಕಿದರು.

ಮಾತ್ರೆ, ಸ್ಟೀರಾಯ್ಡು, ಇಂಜೆಕ್ಷನ್ನು ಯಾವುದಕ್ಕೂ ರೋಗ ಜಗ್ಗದಿದ್ದಾಗ ಡಾಕ್ಟರಮ್ಮ ರಕ್ತ ಸೋಸುವ ಚಿಕಿತ್ಸೆಯ ಮಾತೆತ್ತಿದರು. ಒಂದು ತೋಳಿನಿಂದ ಬಂದ ರಕ್ತ ಸಣ್ಣ ಮಣಿಗಳು ತುಂಬಿದ ಕೊಳವೆಯಲ್ಲಿ ಹಾದು, ಕರುಳನ್ನು ಕೆರಳಿಸುವ ಬಿಳಿ ಕಣಗಳಲ್ಲಿ ಒಂದಷ್ಟನ್ನು ಅಲ್ಲೇ ಬಿಟ್ಟು, ಇನ್ನೊಂದು ತೋಳಿಗೆ ಮರಳುತ್ತದೆ. ವಾರಕ್ಕೆರಡರಂತೆ ಹತ್ತು ಸಲ.

"ಎಲ್ಲರಿಗೂ ನಾಟೋ ಚಿಕಿತ್ಸೆ ಅಲ್ಲ ಇದು," ಎಂದರು ಡಾಕ್ಟರಮ್ಮ. "ನಾಟದಿದ್ರೆ ಕರುಳು ತೆಗೆದು, ಮಲಕ್ಕೆ ಹೊಟ್ಟೆ ಮೇಲೆ ಚೀಲ ಅಂಟಿಸಬೇಕಾಗುತ್ತೆ. ಅದಕ್ಕೇ ಏನನ್ನೂ ಮುಚ್ಚಿಡಬೇಡಿ."

ಸೂಜಿ ಚುಚ್ಚಿದ ಗಂಟೆ ಹೊತ್ತು ಭಾವ ತೋಳು ಮಡಿಸುವಂತಿರಲಿಲ್ಲ. ಮೂಗು ತುರಿಸಿದರೆ ಕಂಡಕ್ಟರನೇ ಕೆರೆಯಬೇಕು. "ಇನ್ನೂ ಎಡಕ್ಕೋ ಮಾರಾಯ. ದಿನಾ ನಂಗೆ ರಿವರ್ಸ್ ಹೇಳ್ತಿದ್ದೋನಿಗೆ ನಾನು ಹೇಳ್ಕೊಡ್ಬೇಕಾ?" ಎಂದು ಭಾವ ನರ್ಸನ್ನೂ ನಗಿಸಿದರು.

ನಾಲ್ಕು ಸಲ ಮುಗಿಯುವಷ್ಟರಲ್ಲಿ ಮಲದಲ್ಲಿ ರಕ್ತ ಬೀಳುವುದು ತಗ್ಗಿತು. ಅಕ್ಕನ ಮುಖಕ್ಕೆ ಕಳೆ ಬಂತು. ಐದನೆಯ ಸಲದ ಹೊತ್ತಿಗೆ ಮತ್ತೆ ಶುರುವಾಯಿತು. ಅದು ಗೊತ್ತಿದ್ದದ್ದು, ಬಚ್ಚಲಲ್ಲಿ ಭಾವನ ರಕ್ತದ ಕಲೆಯ ಬಟ್ಟೆ ಕದ್ದುಮುಚ್ಚಿ ತೊಳೆಯುತ್ತಿದ್ದ ಕಂಡಕ್ಟರನಿಗೆ ಮಾತ್ರ.

"ಕಡಿಮೆಯಾಗಿದೆ ಮೇಡಂ," ಎಂದರು ಭಾವ.

ಡಾಕ್ಟರಮ್ಮ ರಿಪೋರ್ಟಿನಿಂದ ಕಣ್ಣೆತ್ತಿದರು. "ರಕ್ತಪರೀಕ್ಷೆ ಹಾಗೆ ಹೇಳ್ತಿಲ್ಲವಲ್ಲ. ನೀವು ಜೊತೇಲೇ ಇರೋರು, ನೀವು ಹೇಳಿ," ಎಂದು ಕಂಡಕ್ಟರನತ್ತ ತಿರುಗಿದರು.

ಭಾವ ಅವನನ್ನೇ ನೋಡುತ್ತಿದ್ದರು. "ಕಡಿಮೆಯಾಗಿದೆ," ಎಂದುಬಿಟ್ಟ.

ಹೊರಗೆ ಬಂದು ಕೇಳಿದ, "ಯಾಕೆ ಭಾವ ಹೀಗ್ಮಾಡಿದ್ರಿ?"

"ಹೊಟ್ಟೆಗೆ ಚೀಲ ಅಂಟಿಸ್ಕೊಂಡೋನ ಕೈಗೆ ಯಾರು ಸ್ಟೀರಿಂಗ್ ಕೊಡ್ತಾರೆ? ಇನ್ನೈದು ಸಲ ಇದೆ, ನೋಡೋಣ. ನಿಮ್ಮಕ್ಕನ ಮುಂದೆ ಬಾಯಿ ಬಿಡಬೇಡ."

ಒಂಬತ್ತನೆಯ ಸಲದ ದಿನ ಬೆಳಗ್ಗೆ ಭಾವ ಹೊಟ್ಟೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲೇ ಕುಸಿದರು. ಕರುಳು ತೂತಾಗಿ ಹೊಟ್ಟೆ ತುಂಬ ನಂಜು ಹರಡಿತ್ತು. ಅವಸರದಲ್ಲಿ ಕರುಳು ತೆಗೆದರು. ಹನ್ನೆರಡು ದಿನ ಭಾವ ಸಾವು ಬದುಕಿನ ನಡುವೆ ತೂಗಾಡಿದರು. ಜೀವವೇನೋ ಉಳಿಯಿತು. ಆದರೆ ಎರಡು ಹೆಜ್ಜೆ ಇಡಲೂ ಗೋಡೆ ಹಿಡಿಯುವಂತಾದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕಂಡಕ್ಟರ್ ಅಕ್ಕನಿಗೆ ಎಲ್ಲವನ್ನೂ ಹೇಳಿದ. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದ. ಅಕ್ಕ ಕೈಚಾಚಿ ಅವನ ಮಡಿಲಲ್ಲಿದ್ದ ರಿಪೋರ್ಟುಗಳ ಕವರು ತೆಗೆದುಕೊಂಡಳು.

"ಇನ್ಮೇಲೆ ಡಾಕ್ಟರ ಹತ್ರ ನಾನೇ ಬರ್ತೀನಿ," ಎಂದಳು. "ನೀನು ಡ್ಯೂಟಿಗೆ ಹೋಗು."