ಕಸ ಎಂಬ ಫೋಲ್ಡರು

೧

ಎಲ್ಲಿಂದ ಶುರು ಮಾಡೋಣ? ಹೊಸ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುವಲ್ಲಿಂದ ಅಂದುಕೊಂಡಿದ್ದೆ. ಥರ್ಮೋಕೋಲು, ಪ್ಲಾಸ್ಟಿಕ್ಕು, ಯಾರೂ ಓದದ ಪುಸ್ತಿಕೆ ಅಂತ ಒಂದು ಪುಟ ವರ್ಣಿಸಿದೆ. ಓದಿ ನೋಡಿದರೆ ಅಂಗಡಿಯವನೇ ಹೇಳಿ ಬರೆಸಿದಂತಿತ್ತು. ಹರಿದು ಹಾಕಿದೆ. (ಹರಿಯುವುದೆಲ್ಲಿ ಬಂತು, ಡಿಲೀಟ್ ಒತ್ತಿದೆ. ಪರ್ರನೆ ಹರಿಯುವ ಸುಖವೂ ಈ ಕಾಲದ ಬರಹಗಾರರಿಗೆ ಇಲ್ಲ.)

೧, ಮತ್ತೊಮ್ಮೆ

ಲಿಫ್ಟಿನಿಂದ ಶುರು ಮಾಡುತ್ತೇನೆ. ಲಿಫ್ಟಿನೊಳಗೆ ಒಂದು ಗಂಭೀರವಾದ ಗಂಡುದನಿ "ಬಾಗಿಲು ಮುಚ್ಚುತ್ತಿದೆ" ಅನ್ನುತ್ತದಲ್ಲ, ಅದು ಅಪ್ಪನದು. ನಿಮ್ಮ ಅಪ್ಪನದಲ್ಲ, ಗಾಬರಿಯಾಗಬೇಡಿ, ಈ ಕಥೆಯ ಅಪ್ಪನದು. ಲಿಫ್ಟಿನಂಥವಕ್ಕೆ ದನಿ ಕೊಡುವುದೇ ಅವರ ಕಸುಬು. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಹಳೇ ಹಾಸಿಗೆಗಳನ್ನು ಒರಗಿಸಿ ಸ್ಟುಡಿಯೋ ಮಾಡಿಕೊಂಡಿದ್ದರು. ಮೈಕಿನ ಮುಂದೆ ಅಪ್ಪ, ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಹಾಕಿಕೊಂಡ ಮಗಳು. ಅವಳನ್ನು ಅವಳ ತಮ್ಮ ಅಕ್ಕ ಅನ್ನುತ್ತಾನೆ. ನಾವೂ ಹಾಗೇ ಅನ್ನೋಣ, ಬಾಯಿಗೆ ಸಲೀಸು.

ಅಪ್ಪ ಒಂದೇ ವಾಕ್ಯವನ್ನು ಹತ್ತಾರು ಸಲ ಹೇಳುತ್ತಿದ್ದರು. ನಡುನಡುವೆ ಕೆಮ್ಮು, ಗೊಣಗಾಟ, ಎದುರುಮನೆಯ ಮಿಕ್ಸಿಗೆ ಬೈಗುಳ, ತಾವೇ ತಪ್ಪಿ ತಾವೇ ನಗುವ ನಗು. ಅಕ್ಕ ಚೊಕ್ಕ ವಾಕ್ಯವನ್ನು ಕತ್ತರಿಸಿ ಒಂದು ಫೋಲ್ಡರಿಗೆ ಹಾಕುತ್ತಿದ್ದಳು. ಉಳಿದ ಚೂರುಪಾರು ಇನ್ನೊಂದಕ್ಕೆ. ಅದಕ್ಕೆ "ಕಸ" ಅಂತ ಹೆಸರಿಟ್ಟಿದ್ದಳು. ಅಳಿಸುತ್ತಿರಲಿಲ್ಲ. ಎಂದಾದರೂ ತೇಪೆ ಹಾಕಲು ಒಂದು ಉಸಿರು, ಅರ್ಧ ಅಕ್ಷರ ಬೇಕಾದರೆ ಅಲ್ಲಿಂದ ಹೆಕ್ಕಬಹುದಲ್ಲ.

೨

ಆಮೇಲೆ ಅಪ್ಪನಿಗೆ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಹೋಯಿತು. ಈಗ ಫೋನಿನಲ್ಲಿ ಟೈಪ್ ಮಾಡುತ್ತಾರೆ, ಫೋನು ಅದನ್ನು ಹೆಂಗಸಿನ ದನಿಯಲ್ಲಿ ಓದುತ್ತದೆ. "ನೀರು ಕೊಡು" ಎಂಬುದನ್ನೂ "ಕತ್ತೆ, ಟಿವಿ ಆರಿಸು" ಎಂಬುದನ್ನೂ ಆ ಹೆಂಗಸು ಒಂದೇ ಸೌಜನ್ಯದಿಂದ ಹೇಳುತ್ತಾಳೆ.

ಅಂದಿನಿಂದ ಅಕ್ಕನಿಗೆ ಆ ಕಸವೇ ಅಪ್ಪ. ಆದರೂ ಹೆಸರು ಬದಲಿಸಲಿಲ್ಲ. ಬದಲಿಸಿದರೆ ದನಿ ಇನ್ನು ವಾಪಸು ಬರುವುದಿಲ್ಲ ಅಂತ ಒಪ್ಪಿಕೊಂಡಂತಾಗುತ್ತದೆ. ಅಷ್ಟು ಧೈರ್ಯ ಅವಳಿಗಿರಲಿಲ್ಲ.

೩

ತಮ್ಮ ಒಳ್ಳೆಯವನು. ಅನಾಹುತಗಳು ಒಳ್ಳೆಯವರ ಕೈಯಲ್ಲೇ ಆಗುವುದು. ಅಕ್ಕ ಮದುವೆಯೊಂದಕ್ಕೆ ಹೋಗಿದ್ದಾಗ ಹೊಸ ಕಂಪ್ಯೂಟರ್ ತಂದು, ಹಳೆಯದರಲ್ಲಿದ್ದ ಬೇಕಾದ ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸಿ, ಹಳೆಯದನ್ನು ಫಾರ್ಮ್ಯಾಟ್ ಮಾಡಿ ಪೂರ್ತಿ ಅಳಿಸಿ, ಟೇಬಲ್ಲು ಒರೆಸಿ, ಹೊಗಳಿಕೆಗಾಗಿ ಕಾಯುತ್ತಾ ಕೂತಿದ್ದ.

"ಕಸ ಎಲ್ಲೋ?"

"ಗುಡಿಸಿದೆನಲ್ಲ."

"ಆ ಕಸ ಅಲ್ವೋ. ಫೋಲ್ಡರು."

"ಓ ಅದಾ? ಬಿಟ್ಟೆ. ಹೊಸ ಮನೆಗೆ ಯಾರಾದ್ರೂ ಕಸ ಹೊತ್ಕೊಂಡು ಹೋಗ್ತಾರೇನೇ?"

ಅಕ್ಕ ಕುರ್ಚಿಯಲ್ಲಿ ಕುಸಿದಳು. (ಮೊದಲು "ಸಿಡಿಲು ಬಡಿದಂತೆ" ಅಂತ ಬರೆದಿದ್ದೆ. ಅಳಿಸಿದೆ, ಅದನ್ನು ಆಗಲೇ ಎಲ್ಲರೂ ಉಪಯೋಗಿಸಿ ಸವೆಸಿದ್ದಾರೆ.)

೩, ಜಗಳ

ಇಲ್ಲಿ ಅಪ್ಪ ಅಡ್ಡ ಬಂದರು. ದನಿ ಹೋದವರು ಹೇಗೆ ಮಾತಾಡಿದರು ಅಂತ ಕೇಳಬೇಡಿ. ನನ್ನ ಮೊದಲ ಕರಡಿನಿಂದ ಮಾತಾಡಿದರು, ಅಲ್ಲಿ ಅವರ ಗಂಟಲು ಇನ್ನೂ ಗಟ್ಟಿಮುಟ್ಟಾಗಿತ್ತು.

"ಏನಯ್ಯಾ, ನನ್ನ ದನಿ ಯಾಕೆ ಕಿತ್ಕೊಂಡೆ?"

"ಕಥೆಗೆ ಬೇಕಿತ್ತು ಸಾರ್. ಇಲ್ಲದಿದ್ರೆ ಫೋಲ್ಡರು ಹೋದ್ರೆ ಯಾರಿಗೇನು?"

"ಮೊಣಕಾಲು ತಗೋಬಹುದಿತ್ತಲ್ಲ, ಹೇಗೂ ನೋಯ್ತಿತ್ತು."

"ಮೊಣಕಾಲು ಲಿಫ್ಟಿನಲ್ಲಿ ಮಾತಾಡಲ್ಲ ಸಾರ್."

"ನಿನಗೆ ದುಃಖ ಬೇಕಿತ್ತು, ಪುಕ್ಕಟೆ ನನ್ನ ಗಂಟಲು ಸಿಕ್ತು. ಹೋಗ್ಲಿ, ಆ ಹುಡುಗಿಯನ್ನಾದ್ರೂ ಜಾಸ್ತಿ ಅಳಿಸಬೇಡ."

ಆಗಲಿ ಅಂದೆ. ಪಾತ್ರಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ದಾಖಲೆ ನನಗಿಲ್ಲ, ಅದು ಬೇರೆ ವಿಷಯ.

ಅಂತ್ಯ, ನಿಮಗೆ ಬೇಕಾದರೆ

ಅಳಿಸಿದ್ದನ್ನು ಹುಡುಕಿ ತೆಗೆಯುವ ಅಂಗಡಿಯವನೊಬ್ಬ ಪೂರ್ತಿ ಕಸವನ್ನು ವಾಪಸು ತರುತ್ತಾನೆ. ಮೂವರೂ ಅಪ್ಪಿಕೊಂಡು ಅಳುತ್ತಾರೆ. ಬರೆದು ಮುಗಿಸುವಷ್ಟರಲ್ಲಿ ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. "ಅಲ್ಲಿಂದಾನೇ ಬರ್ತಿದೀನಿ. ಏನೂ ಸಿಗಲ್ಲ ಅಂದ. ಅದನ್ನ ಹೊಡೆದು ಹಾಕಿ."

ಹೊಡೆದು ಹಾಕಿದೆ.

ಅಂತ್ಯ, ಬಹುಮಾನಕ್ಕೆ

ಅಪ್ಪನ ದನಿ ಕೇಳಲೆಂದು ಅಕ್ಕ ಊರಿನ ಲಿಫ್ಟುಗಳಲ್ಲಿ ಹತ್ತಿ ಇಳಿಯುತ್ತಾ ಕಾಲ ಕಳೆಯುತ್ತಾಳೆ. ಎಂಥ ಪ್ರತಿಮೆ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಅದು ಅಪ್ಪ ಅಲ್ಲ ರೀ," ಅಂದಳು ಅಕ್ಕ. "ಅದು ನಾನು ತೊಳೆದು ಒರೆಸಿ ಇಟ್ಟ ದನಿ. ಅಪ್ಪ ಅಂದ್ರೆ ಕೆಮ್ಮೋದು, ಬೈಯೋದು, ತಪ್ಪು ಹೇಳಿ ನಗೋದು. ಅದನ್ನೆಲ್ಲ ನಾನೇ ಕತ್ತರಿಸಿ ತೆಗೆದೆ. ಅದಕ್ಕೇ ದುಡ್ಡು ಕೊಡ್ತಿದ್ರು ನನಗೆ."

ಅದನ್ನೂ ಹೊಡೆದು ಹಾಕಿದೆ. ಬಹುಮಾನ ಕೈತಪ್ಪಿತು.

೫ (೪ ತಮ್ಮನದಾಗಿತ್ತು. ಮೆಟ್ಟಿಲ ಮೇಲೆ ಕೂತು "ನನಗೂ ಅವರು ಅಪ್ಪಾನೇ ಕಣೇ ಅಕ್ಕಾ" ಅಂತ ಬಿಕ್ಕಿದ. ಉಳಿದದ್ದನ್ನು ಬರೆಯಬೇಡಿ ಅಂತ ಕೈಮುಗಿದ. ಬಿಟ್ಟೆ.)

ಅಪ್ಪ ಹಿಂದಿನ ಕೋಣೆಗೆ ಬಂದರು. ಈ ಸಲ ನಾನು ಕರೆಸಿದ್ದಲ್ಲ. ಮೈಕಿನ ಮುಂದೆ ತಮ್ಮ ಹಳೇ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಏನೋ ಒತ್ತಿದರು. "ರೆಕಾರ್ಡ್ ಮಾಡು," ಅಂದಳು ಫೋನಿನ ಹೆಂಗಸು.

"ಏನನ್ನಪ್ಪಾ?"

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡು ತಮ್ಮ ಬಾಯಿ ತೋರಿಸಿದರು.

ಅಕ್ಕ ಹೊಸ ಕಂಪ್ಯೂಟರಿಗೆ ಮೈಕಿನ ತಂತಿ ಸಿಕ್ಕಿಸಿ, ಹೆಡ್‌ಫೋನ್ ಏರಿಸಿ, ಗುಂಡಿ ಒತ್ತಿದಳು. ಅಪ್ಪನ ತುಟಿ ಅಲ್ಲಾಡಿತು. ಕೋಣೆಯಲ್ಲಿ ಏನೂ ಕೇಳಿಸಲಿಲ್ಲ. ಆದರೆ ಪರದೆಯ ಮೇಲೆ ಸದ್ದು ತೋರಿಸುವ ಹಸಿರು ಗೆರೆ ನಡುಗಿತು, ಏರಿತು, ಇಳಿಯಿತು. ಬರೀ ಉಸಿರು, ಆದರೆ ಮಾತಿನ ಆಕಾರ ಇದ್ದ ಉಸಿರು. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಬೈಗುಳವೇ ಇರಬೇಕು, ಅವಳ ಮುಖ ಅರಳಿತು.

ಇಲ್ಲಿ ಒಂದು ಒಳ್ಳೆಯ ಕೊನೆಯ ವಾಕ್ಯ ಬರೆಯಲು ಗಂಟಲು ಸರಿಮಾಡಿಕೊಂಡೆ. ಅಕ್ಕ ತಿರುಗಿದಳು.

"ರೀ, ನಿಮ್ಮ ಸದ್ದು ಒಳಗೆ ಬರ್ತಿದೆ. ಸ್ವಲ್ಪ ಆಚೆ ಹೋಗ್ತೀರಾ?"

ಬಂದೆ. ಹೊರಗಡೆ ತಮ್ಮನ ಪಕ್ಕ ನಿಂತಿದ್ದೇನೆ. ನೀವೂ ಬಂದಿರಾ? ಸ್ವಲ್ಪ ಸರಿದು ನಿಲ್ಲಿ. ಕಥೆ ಮುಗಿಯಿತೇ ಅಂತ ನನ್ನನ್ನು ಕೇಳಿ ಪ್ರಯೋಜನವಿಲ್ಲ, ಒಳಗಿನವರು ಇನ್ನೂ ಎದ್ದಿಲ್ಲ. ಅಪ್ಪ ಏನು ಹೇಳುತ್ತಿದ್ದಾರೋ ನನಗೂ ಗೊತ್ತಿಲ್ಲ. ಅಕ್ಕನ ಮಾತಷ್ಟೇ ಕೇಳುತ್ತಿದೆ.

"ಕೆಮ್ಮಪ್ಪಾ, ಪರವಾಗಿಲ್ಲ. ಏನನ್ನೂ ಕತ್ತರಿಸಲ್ಲ."