ಕಪಾ ಅತ್ತೆ ಮಾತು ಕೊಟ್ಟ ಮರ

ಕಪಾ ಅತ್ತೆಯ ನಡಿಗೆಯನ್ನು ನಡಿಗೆ ಎನ್ನುವುದಕ್ಕಿಂತ ತುಳಿತ ಎನ್ನುವುದೇ ಸರಿ. ಬಲಗಾಲಿನಿಂದ ನೆಲವನ್ನೊಮ್ಮೆ ಗುದ್ದಿ, ಎಡಗಾಲಿನಿಂದ ಅದೇ ಜಾಗವನ್ನು ಅದುಮಿ, ಅದು ಗಟ್ಟಿಯಾಯಿತೆಂದು ಖಾತ್ರಿಯಾದ ಮೇಲೆಯೇ ಅವರ ಮುಂದಿನ ಹೆಜ್ಜೆ. ಜುಲೈ ತಿಂಗಳ ಡಾಂಬರು ರಸ್ತೆಯ ಮೇಲೂ ಅದೇ, ಅಂಚೆ ಕಚೇರಿಯ ಮರದ ಮೆಟ್ಟಿಲ ಮೇಲೂ ಅದೇ. ನಲವತ್ತು ಚಳಿಗಾಲ ಪ್ಲಮ್ ಗಿಡಗಳ ಸುತ್ತ ಹಿಮ ತುಳಿದೂ ತುಳಿದೂ ಅವರ ಕಾಲಿಗೆ ಬೇರೆ ರೀತಿ ಮರೆತೇಹೋಗಿತ್ತು. ಹೊಸದಾಗಿ ತೋಟ ಮಾಡಿದವರು ಇದನ್ನು ಕಂಡು ನಗುತ್ತಿದ್ದರು. ತುಳಿಯದೆ ಬಿಟ್ಟ ದಪ್ಪ ಹಿಮದಡಿಯಲ್ಲಿ ನೆಲ ಹೆಪ್ಪುಗಟ್ಟದೆ ಬೆಚ್ಚಗೆ ಉಳಿದರೆ ಬುಡದ ತೊಗಟೆ ಕೊಳೆತು ಗಿಡವೇ ಹೋಗುತ್ತದೆಂಬುದು ಒಂದೆರಡು ಪ್ಲಮ್ ಕಳೆದುಕೊಂಡ ಮೇಲಷ್ಟೇ ಅವರಿಗೆ ತಿಳಿಯುತ್ತಿತ್ತು. "ನಮ್ ಕಡೆ ಗಿಡ ಚಳೀಲಿ ಸಾಯೋದು ಕಮ್ಮಿ, ಮುದ್ದು ಹೆಚ್ಚಾಗಿ ಸಾಯೋದೇ ಜಾಸ್ತಿ" ಎನ್ನುತ್ತಿದ್ದರು ಅತ್ತೆ.

ಪೂರ್ತಿ ಹೆಸರು ಕಪಿತೋಲಿನಾ. ಯೆನಿಸೇ ನದಿಯ ಈಚೆ ದಡದ ನಮ್ಮ ತೋಟದ ಕೇರಿಗೆಲ್ಲ ಕಪಾ ಅತ್ತೆ. ತೀರಿಕೊಂಡ ಗಂಡನ ರೈಲ್ವೆ ಕೋಟು ಅವರ ಸರ್ವಋತು ವಸ್ತ್ರವಾಗಿತ್ತು. ಅದರ ಎಡಜೇಬಿನಲ್ಲಿ ಕಸಿ ಮಾಡುವ ಚಾಕು, ಬಲಜೇಬಿನಲ್ಲಿ ಯಾರ್‍ಯಾರದೋ ತೋಟದಿಂದ ಕತ್ತರಿಸಿ ತಂದ ಕಡ್ಡಿಗಳು. ಜನವರಿಯಲ್ಲಿ ಆ ಕಡ್ಡಿಗಳನ್ನು ನೀರಿನ ಲೋಟದಲ್ಲಿಟ್ಟು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಹತ್ತು ದಿನ ಬಿಟ್ಟು ಓರೆಯಾಗಿ ಸೀಳಿ, ಒಳಗೆ ಹಸಿರೋ ಕಂದೋ ನೋಡಿ, ಯಾವ ಗಿಡ ಬದುಕಿದೆ, ಯಾವುದು ಹೋಗಿದೆ ಎಂದು ತೋಟದ ಒಡೆಯರಿಗಿಂತ ಎರಡು ತಿಂಗಳು ಮೊದಲೇ ತಿಳಿದುಕೊಂಡು, ಸುಮ್ಮನಿರುತ್ತಿದ್ದರು. ಕೇಳಿದರೆ ಒಂದೇ ಉತ್ತರ: "ಮಾರ್ಚ್ ಮುಗೀಲಿ." ಗಿಡದ ವಿಷಯಕ್ಕೇ ಅಲ್ಲ, ಮದುವೆಯಾದ ಹೊಸತರಲ್ಲಿ ಆಶೀರ್ವಾದಕ್ಕೆ ಬಂದ ಜೋಡಿಗೂ ಅದೇ ಮಾತು.

ಅವರಲ್ಲಿ ಸಸಿ ಕೊಳ್ಳುವುದು ಸುಲಭದ ಕೆಲಸವಾಗಿರಲಿಲ್ಲ. ಲಾರಿ ಓಡಿಸುವ ಗೋರ್ದೇಯ್ ಒಂದು ಮೇ ತಿಂಗಳಲ್ಲಿ ಬಂದು ಬೇಲಿಗೆ ಒರಗಿ ನಿಂತದ್ದು ನೆನಪಿದೆ.

"ಅತ್ತೆ, ದೊಡ್ಡ ಸೇಬು ಬೇಕು. ನನ್ ಮುಷ್ಟಿಯಷ್ಟಾದ್ರೂ ಇರ್ಬೇಕು."

"ಹಣ್ಣು ಆಮೇಲೆ. ನಿನ್ ತೋಟದಲ್ಲಿ ಹಿಮ ಕೊನೇಗೆ ಕರಗೋದು ಯಾವ ಮೂಲೇಲಿ?"

"ಅದನ್ನ ಯಾರು ನೋಡ್ಕೊಂಡು ಕೂತಿರ್ತಾರೆ?"

"ನೋಡ್ಕೊಂಡು ಬಾ."

"ಈಗ ಎಲ್ಲಾ ಕರಗೋಗಿದೆ ಅತ್ತೆ."

"ಹಂಗಾದ್ರೆ ಮುಂದಿನ್ ವರ್ಷ ಬಾ."

ಗೋರ್ದೇಯ್ ಮೂಗು ಮುರಿದು ಹೋಗಿ, ಪೇಟೆಯಲ್ಲಿ ದಕ್ಷಿಣದಿಂದ ಬಂದ, ಕೆಂಪು ಹಣ್ಣಿನ ಚಿತ್ರ ಅಂಟಿಸಿದ ಸಸಿಯನ್ನು ತಂದು ನೆಟ್ಟ. ಮರುವರ್ಷ ಏಪ್ರಿಲ್‌ನಲ್ಲಿ ಬಂದವನು ಚಿತ್ರದ ಮಾತೇ ಎತ್ತದೆ, ಹಿಮ ಕೊನೆಗೆ ಕರಗುವ ಮೂಲೆ ಸ್ನಾನದ ಮನೆಯ ಹಿಂದಿನದೆಂದು ವರದಿ ಒಪ್ಪಿಸಿದ. ಅತ್ತೆ ನಗಲಿಲ್ಲ. ಆ ಮೂಲೆ ಬಿಟ್ಟು ದಿಬ್ಬದ ಮೇಲೆ ನೆಡು ಎಂದು ಹೇಳಿ, ಕೋಳಿಮೊಟ್ಟೆಗಿಂತ ಚಿಕ್ಕ ಹಣ್ಣು ಬಿಡುವ ಸೇಬಿನ ಸಸಿಯೊಂದನ್ನು ಕಿತ್ತು ಕೊಟ್ಟರು. ಅವನ ಮನೆಯವರು ಇಂದಿಗೂ ಅದರದೇ ಮುರಬ್ಬ ಮಾಡುತ್ತಾರೆ.

ಈ ಹಟದ ಹಿಂದೆ ಒಂದು ಹಳೆಯ ನೋವಿತ್ತು. ತೋಟ ಮಾಡಿದ ಹೊಸತರಲ್ಲಿ ಅವರು ಪಕ್ಕದ ತೋಟದ ನಿಯೊನೀಲಾ ಎಂಬಾಕೆಗೆ ಪಿಯರ್ ಹಣ್ಣಿನ ಗಿಡವೊಂದನ್ನು, ಎಂಥ ಚಳಿಗೂ ಜಗ್ಗುವುದಿಲ್ಲವೆಂದು ಮಾತು ಕೊಟ್ಟು ಮಾರಿದ್ದರಂತೆ. ಏಳನೆಯ ಚಳಿಗಾಲದಲ್ಲಿ, ಇನ್ನೇನು ಮೊದಲ ಫಲ ಬರಬೇಕೆನ್ನುವಾಗ ಅದು ಸತ್ತಿತು. ನಿಯೊನೀಲಾ ಸತ್ತ ಗಿಡಕ್ಕೆ ಜೂನ್ ತಿಂಗಳು ಪೂರ್ತಿ ನೀರು ಹಾಕಿದಳು. "ಬೈದಿದ್ರೆ ಮರ್ತುಬಿಡ್ತಿದ್ದೆ" ಎಂದಿದ್ದರು ಅತ್ತೆ ನನ್ನೊಡನೆ ಒಮ್ಮೆ. ಅಂದಿನಿಂದ, ಬಯಲಲ್ಲಿ ನಿಂತು ಮಹಾಚಳಿಯೊಂದನ್ನು ಗೆಲ್ಲದ ಯಾವ ಮರಕ್ಕೂ ಅವರು ಮಾತು ಕೊಟ್ಟವರಲ್ಲ.

ಇನ್ನೂರು ಏಪ್ರಿಕಾಟ್ ಬೀಜ ಬಿತ್ತಿ, ಚಳಿ ಕೊಂದದ್ದನ್ನು ಕೊಲ್ಲಲು ಬಿಟ್ಟು, ಕೊನೆಗೆ ಅವರ ತೋಟದಲ್ಲಿ ಒಂದೇ ಒಂದು ಗಿಡ ಉಳಿದಿತ್ತು. ನನ್ನೆತ್ತರ ಬೆಳೆದು, ಜೇನಿನಂಥ ಹಣ್ಣು ಕೊಟ್ಟಿತ್ತು. ಹದಿನೇಳು ಮನೆಯವರು ಅದರ ಕಸಿಕಡ್ಡಿಗಾಗಿ ಕಾಯುತ್ತಿದ್ದರು, ಅತ್ತೆಗಾಗಲೇ ಎಪ್ಪತ್ತೊಂಬತ್ತು, ಮಹಾಚಳಿ ಮಾತ್ರ ಹದಿನಾಲ್ಕು ವರ್ಷದಿಂದ ಬಂದಿರಲಿಲ್ಲ. ಅದು ಬಂದಾಗ ಅತ್ತೆ ಮೊಮ್ಮಗಳ ಮದುವೆಗೆಂದು ನದಿಯಾಚೆ ಹೋಗಿದ್ದರು. ತಾಪಮಾನ ಸೊನ್ನೆಯ ಕೆಳಗೆ ನಲವತ್ತಕ್ಕಿಳಿಯಿತು. ಮೂರು ದಿನ ಅಲ್ಲೇ ಕೂತಿತು. ಪಕ್ಕದ ತೋಟದ ನಾನು, ಶಾಲಾ ಮಾಸ್ತರ, ಬೇಲಿಯಾಚೆ ನಿಂತ ಆ ಒಂಟಿ ಗಿಡವನ್ನು ನೋಡಲಾಗದೆ ಮೊದಲ ಮಧ್ಯಾಹ್ನವೇ ಮನೆಯ ಎರಡು ಹತ್ತಿ ರಜಾಯಿಗಳನ್ನು ಅದಕ್ಕೆ ಸುತ್ತಿ ಹಗ್ಗ ಬಿಗಿದೆ. ಬೀದಿಯ ಕಡೆ ಚಾಚಿದ್ದ ಒಂದು ಕೊಂಬೆಗೆ ರಜಾಯಿ ಸಾಲಲಿಲ್ಲ.

ನಾಲ್ಕನೆಯ ದಿನ ಚಳಿ ಮುರಿಯಿತು; ಅತ್ತೆ ಬಂದರು. ಶಹಬ್ಬಾಸ್ ಸಿಗುತ್ತದೆಂದು ನಾನು ಹಲ್ಲು ಬಿಟ್ಟುಕೊಂಡು ಬೇಲಿಯ ಬಳಿ ನಿಂತಿದ್ದೆ. ಅವರು ರಜಾಯಿಯನ್ನು ನೋಡಿದರು, ನನ್ನನ್ನು ನೋಡಿದರು.

"ಮೇಷ್ಟ್ರೇ, ಪರೀಕ್ಷೇಲಿ ಮಕ್ಳ ಉತ್ತರ ನೀವೇ ಬರ್ದುಕೊಡ್ತೀರಾ?"

"ಸತ್ತೋಗ್ತಿತ್ತು ಅತ್ತೆ."

"ಸಾಯ್ತಿತ್ತೋ ಇಲ್ವೋ, ಅದೇ ಈಗ ಗೊತ್ತಾಗೋ ಹಂಗಿಲ್ಲ. ಇನ್ನೊಂದು ಇಂಥ ಚಳಿ ಬರೋವರ್ಗೂ ನಾನಿರ್ಬೇಕಲ್ಲ."

ದನಿ ಏರಿಸದೆ ಆಡಿದ ಆ ಮಾತಿಗೆ ನನ್ನ ಮುಖ ಎತ್ತಲಾಗಲಿಲ್ಲ. ಹದಿನೇಳು ಮನೆಗಳ ನಿರೀಕ್ಷೆಯನ್ನೂ ಒಬ್ಬ ಮುದುಕಿಯ ಜೀವಮಾನದ ಕೆಲಸವನ್ನೂ ನಾನು ಎರಡು ರಜಾಯಿಗಳಲ್ಲಿ ಸುತ್ತಿ ಹಾಳುಮಾಡಿದ್ದೆ. ಮೇ ತಿಂಗಳು ಬರುವವರೆಗೆ ಬೇಲಿಯ ಆ ಬದಿಗೆ ಹೋಗಲು ನಾಚಿದೆ.

ಮೇ ಕೊನೆಯಲ್ಲಿ ಅವರೇ ಕೂಗಿ ಕರೆದರು. ಗಿಡ ಪೂರ್ತಿ ಹೂವಿನಲ್ಲಿ ಮುಳುಗಿತ್ತು. ಅತ್ತೆ ಅದಕ್ಕೆ ಬೆನ್ನು ಮಾಡಿ, ಬೀದಿಯ ಕಡೆಯ ಕೊಂಬೆಯನ್ನು ಹಿಡಿದುಕೊಂಡಿದ್ದರು. ತುದಿಯ ಒಂದು ಗೇಣು ಕಪ್ಪಗೆ ಸುಟ್ಟಿತ್ತು. ಅದರ ಕೆಳಗೆ ಎಲೆ ಒಡೆದಿತ್ತು, ಹನ್ನೊಂದು ಹೂ ಇದ್ದವು. ಅವರು ಎರಡು ಸಲ ಎಣಿಸಿದರು.

"ಕಸಿಗೆ ಬೇಕಾದ್ದು ಕೊಂಬೆ ತಾನೇ ಮೇಷ್ಟ್ರೇ, ಬುಡ ಹೆಂಗೂ ಕಾಡುಗಿಡದ್ದು ಹಾಕ್ತೀವಿ. ಇದೊಂದು ಕೊಂಬೆಗೆ ನಾನು ಮಾತು ಕೊಡ್ತೀನಿ. ಮಿಕ್ಕಿದ್ದು ನಿಮ್ಮ ಗಿಡ, ನಂದಲ್ಲ."

ಹದಿನೇಳು ಮನೆಗಳಿಗೂ ಆ ಕೊಂಬೆಯ ಕಡ್ಡಿಯೇ ಹೋಯಿತು, ಒಂದೇ ವರ್ಷದಲ್ಲಲ್ಲ, ಮೂರು ವರ್ಷ ಅದು ಬೆಳೆದು ಕೊಟ್ಟಷ್ಟು ಕಡ್ಡಿಗಳನ್ನು ಕತ್ತರಿಸಿ. ಕೊನೆಯ ಕಡ್ಡಿಯನ್ನು ಅತ್ತೆ ಚಾಕುವಿನಿಂದ ತಾವೇ ಓರೆ ಮಾಡಿ, ನಿಯೊನೀಲಾಳ ಮಗಳ ತೋಟದಲ್ಲಿ ಕೂರಿಸಿ, ನೂಲು ಬಿಗಿದರು.

ಚಳಿಯ ನಾಡಿನ ಪ್ರತಿ ಕೇರಿಯಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಕಲ್ಲೆದೆಯವರೆಂಬ ಬಿರುದು ಅವರಿಗೆ ಬೇಗ ಅಂಟುತ್ತದೆ, ಅವರು ಅದನ್ನು ಕೊಡವಿಕೊಳ್ಳಲು ಹೋಗುವುದೂ ಇಲ್ಲ. ಕಣ್ಣೆದುರಿನ ಗಿಡದ ಮೇಲೆ ಮರುಕ ಪಡುವುದು ನನ್ನಂಥ ಯಾರಿಗಾದರೂ ಬರುತ್ತದೆ. ಅದನ್ನು ನೆಟ್ಟು ಏಳು ವರ್ಷ ಕಾಯಲಿರುವ, ಇನ್ನೂ ಮುಖವನ್ನೇ ಕಾಣದ ಮನುಷ್ಯನ ಮೇಲೆ ಮೊದಲೇ ಮರುಕ ಪಡುವುದು ಇವರಿಗೆ ಮಾತ್ರ ಬರುತ್ತದೆ.