ಫಿರಂಗಿಗೆ ಸ್ನಾನ

ಆಯುಧಪೂಜೆ ಬಂತೆಂದರೆ ಕಾಶವ್ವನ ಕೈ ಸುಮ್ಮನಿರುವುದಿಲ್ಲ. ಧಾರವಾಡದಿಂದ ಮಗನ ಮನೆಗೆಂದು ಅಮೆರಿಕದ ಫ್ರೀಮಾಂಟಿಗೆ ಬಂದವಳು, ೧೯೯೮ರ ಆ ಬೆಳಿಗ್ಗೆ ಮಗನ ಕಂಪ್ಯೂಟರಿಗೆ ಕುಂಕುಮವಿಟ್ಟು, ಬಕೆಟ್ಟು ಹಿಡಿದು ಗರಾಜಿಗೆ ನಡೆದಳು. ಪೂಜೆಗೆ ಮೊದಲು ಆಯುಧ ತೊಳೆಯಬೇಕಲ್ಲ. ಸೈಕಲ್ಲು ತೊಳೆದಳು, ಸುತ್ತಿಗೆ ತೊಳೆದಳು. ಆಗ ಮೂಲೆಯಲ್ಲಿದ್ದ ಕರೀ ಫಿರಂಗಿ ಕಣ್ಣಿಗೆ ಬಿತ್ತು. ಮನೆಯಲ್ಲಿ ಅದಕ್ಕಿಂತ ದೊಡ್ಡ ಆಯುಧ ಇನ್ನೊಂದಿರಲಿಲ್ಲ. ಭಕ್ತಿಯಿಂದ ತಿಕ್ಕಿದಳು. ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಬಣ್ಣವೆಲ್ಲ ಇಳಿದು ಬಿದಿರಿನ ಚಾಪೆ ಹಲ್ಲು ಕಿರಿಯಿತು. ಕಾಶವ್ವ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

ಫಿರಂಗಿ ಪಕ್ಕದ ಮನೆಯ ಗ್ರೆಗೋರಿಯೋ ಅಜ್ಜನದು. ಎಪ್ಪತ್ತೆಂಟರ ಆತ ಫಿಲಿಪ್ಪೀನ್ಸಿನ ನೆಗ್ರೋಸ್ ದ್ವೀಪದವನು. ನಾಟಕಕ್ಕೆಂದು ಮಾಡಿ, ತನ್ನಲ್ಲಿ ಜಾಗವಿಲ್ಲವೆಂದು ಇಲ್ಲಿಟ್ಟಿದ್ದ. ನೂರು ವರ್ಷದ ಹಿಂದೆ ಅವನ ಜನ ಚಾಪೆ ಸುತ್ತಿ, ಕಪ್ಪು ಬಳಿದು ಫಿರಂಗಿ ಮಾಡಿದ್ದರು; ತೆಂಗಿನ ಗರಿಯ ದಿಂಡನ್ನು ಕೋವಿಯಂತೆ ಹೆಗಲಿಗೇರಿಸಿದ್ದರು. ದೂರದಿಂದ ಕಂಡ ಸ್ಪೇನಿನ ಸೈನ್ಯ ಬೆದರಿ ಶರಣಾಯಿತು. ದಂಗೆಯೆದ್ದವರು ತಮ್ಮದೇ ಸರ್ಕಾರ ಕಟ್ಟಿದರು. ಅದು ಬಾಳಿದ್ದು ಕೆಲವೇ ತಿಂಗಳು. ಅಮೆರಿಕದವರು ಬಂದು ನುಂಗಿಹಾಕಿದರು. ಮೊಮ್ಮಗಳು ದೀಪಾಲಿಯ ಅರೆಬರೆ ಕನ್ನಡದಲ್ಲಿ ಈ ಕತೆ ಕೇಳಿ ಕಾಶವ್ವ ಹೊಟ್ಟೆ ಹಿಡಿದು ನಕ್ಕಿದ್ದಳು; ಗರಾಜಿನದೂ ಅಂಥದ್ದೇ ಚಾಪೆಯೆಂದು ಮಾತ್ರ ಹೊಳೆದಿರಲಿಲ್ಲ.

ಊರಿನ ಫಿಲಿಪ್ಪಿನೋ ಸಂಘ ನಡೆಸಲಿದ್ದ ಫಿಲಿಪ್ಪೀನ್ಸ್ ಸ್ವಾತಂತ್ರ್ಯದ ಶತಮಾನೋತ್ಸವದಲ್ಲಿ ಈ ಕತೆಯನ್ನು ಆಡಿಸಲು ಅಜ್ಜ ಹತ್ತು ನಿಮಿಷ ಕೇಳಿದ್ದ. ಯಾರೂ ಕೇಳರಿಯದ ಸರ್ಕಾರಕ್ಕೆ ಸಮಯವಿಲ್ಲವೆಂದು ಸಂಘ ಎರಡು ಸಲ ಅಂದಿತ್ತು. ಕೊನೆಗೆ ಅಧ್ಯಕ್ಷೆ ಇವತ್ತು ಸಂಜೆ ತಾನೇ ಬಂದು ನೋಡಿ ತೀರ್ಮಾನಿಸುತ್ತೇನೆಂದಿದ್ದಳು.

ನಾಲ್ಕಕ್ಕೆ ಬಂದ ಅಜ್ಜ ಫಿರಂಗಿ ನೋಡಿ ಪಾಪ, ಬೈಯಲೂ ಇಲ್ಲ. ಮತ್ತೆ ಬಣ್ಣ ಬಳಿದ. ನೆನೆದ ಚಾಪೆಗೆ ಅದು ಹಿಡಿಯಲಿಲ್ಲ. ಬ್ರಷ್ಷು ಕೆಳಗಿಟ್ಟು ಕುಳಿತುಬಿಟ್ಟ. ಕಾಶವ್ವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ತಪ್ಪು ಮಾಡಿದವಳೇ ದಾರಿ ಹುಡುಕಬೇಕೆಂದು ಫಿರಂಗಿಯ ಸುತ್ತ ಎರಡು ಸುತ್ತು ಹಾಕಿದಳು. ಆಮೇಲೆ ಮೊಮ್ಮಗಳನ್ನು ಕರೆದಳು.

"ಅಣ್ಣಾರಿಗೆ ಹೇಳವ್ವಾ. ಕರೀ ಮಗ್ಗಲಾ ಸ್ಪೇನಿನವರ ಕಡೆ ಇರ್ಲಿ, ಚಾಪಿ ನೋಡೋ ಮಂದಿ ಕಡೆ ಇರ್ಲಿ. ಮೋಸ ಹೋಗಬೇಕಾದವರು ಸ್ಪೇನಿನವರು. ನಾವ್ಯಾಕ ಹೋಗಬೇಕು?"

ದೀಪಾಲಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಅಜ್ಜ ಎದ್ದು ಫಿರಂಗಿ ತಿರುಗಿಸತೊಡಗಿದ.

ಅಧ್ಯಕ್ಷೆ ಕೈಗಡಿಯಾರ ನೋಡುತ್ತಲೇ ಬಂದು ಚಾಪೆಯ ಕಡೆ ಕುಳಿತಳು. ಆಚೆ ಬದಿ ದೀಪಾಲಿಯೂ ಅವಳ ಗೆಳತಿಯೂ ಸ್ಪೇನಿನ ಸಿಪಾಯಿಗಳಾಗಿ ಮೀಸೆ ತಿರುವುತ್ತ ಬಂದರು. ಈಚೆ ಅಜ್ಜ ಚಾಪೆ ಬಿಚ್ಚಿಕೊಳ್ಳದಂತೆ ಅವುಚಿ ಹಿಡಿದು, ಗುಂಡು ಹಾರಿಸುತ್ತೇನೆಂದು ಗುಡುಗಿದ. ಸಿಪಾಯಿಗಳು ಗಡಗಡ ನಡುಗಿ ಕೈಯೆತ್ತಿದರು. ಅಧ್ಯಕ್ಷೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ತನಗೆ ಇದನ್ನು ಯಾರೂ ಯಾಕೆ ಹೇಳಿಕೊಡಲಿಲ್ಲವೆಂದು ಕೇಳಿ, ಕಾರ್ಯಕ್ರಮದ ಪಟ್ಟಿ ತೆಗೆದು ಇಪ್ಪತ್ತು ನಿಮಿಷವೆಂದು ಬರೆದಳು.

ಅಜ್ಜ ನೇರ ಕಾಶವ್ವನ ಬಳಿ ಬಂದ. ಬಗ್ಗಿ, ಅವಳ ಕೈಯನ್ನೆತ್ತಿ ತನ್ನ ಹಣೆಗೆ ಒತ್ತಿಕೊಂಡ. ಅವರಲ್ಲಿ ಕಿರಿಯರು ಹಿರಿಯರಿಗೆ ಹಾಗೆ ಮಾಡುತ್ತಾರೆಂದು ದೀಪಾಲಿ ಪಿಸುಗುಟ್ಟಿದಳು. ಅಜ್ಜನಿಗಿಂತ ಎಂಟು ವರ್ಷಕ್ಕೆ ಚಿಕ್ಕವಳಾದ ಕಾಶವ್ವ ನಾಚಿ ನೀರಾದಳು. ಮನೆಯ ಮಕ್ಕಳಿಗೆ ಹರಸುವಂತೆಯೇ ಹರಸಿದಳು.

"ನೂರ್ ವರ್ಷ ಬಾಳ್ರೀ ಅಣ್ಣಾರ."

ದೀಪಾಲಿ ಅದನ್ನೂ ಇಂಗ್ಲಿಷಿಗೆ ದಾಟಿಸಿದಳು. ಅಜ್ಜ ಕಾಶವ್ವನ ಕೈ ಬಿಡದೆಯೇ, ತನ್ನ ಸರ್ಕಾರ ಇವತ್ತಿಗೆ ನೂರು ವರ್ಷ ಬಾಳಿದಂತಾಯಿತು ಎಂದ.